ಬ್ಯಾಟರಿ ಗಾಡಿ: ಬಲ, ವೇಗ ಮತ್ತು ದೂರ

ಹೊಗೆಯುಗುಳದೆ, ಸದ್ದು ಮಾಡದೆ, ಹುಲ್ಲುಗಾವಲಿನ ಮೇಲೆ ಮೆಲ್ಲಗೆ ಸಾಗುವ ಚಿಕ್ಕ ವಿದ್ಯುತ್ ಗಾಡಿಯು ಗಾಲ್ಫ್ ಆಟಗಾರರ ಅನುಕೂಲಕ್ಕಾಗಿ ಹುಟ್ಟಿದುದು. ಗಾಲ್ಫ್ ಮೈದಾನವು ಹಲವು ಕಿಲೋಮೀಟರುಗಳಷ್ಟು ನಡೆಯಬೇಕಾದ ವಿಸ್ತಾರದ್ದು. ವೃದ್ಧರಿಗೂ ಕಾಲಿನಲ್ಲಿ ಶಕ್ತಿಯಿಲ್ಲದವರಿಗೂ ಆ ಆಟವು ನಿಲುಕದ ಹಣ್ಣಾಗಿತ್ತು. ಇಪ್ಪತ್ತನೆಯ ಶತಮಾನದ ಐವತ್ತರ ದಶಕದಲ್ಲಿ ಅಮೆರಿಕದಲ್ಲಿ ಈ ಗಾಡಿಗಳ ತಯಾರಿಕೆ ಬಿರುಸಾಯಿತು. 1954ರಲ್ಲಿ ಜಾರ್ಜಿಯಾ ರಾಜ್ಯದ ಅಗಸ್ಟಾ ನಗರದಲ್ಲಿ ಈ-ಝಡ್-ಗೋ ಎಂಬ ಸಂಸ್ಥೆಯು ಪ್ರಾರಂಭವಾಯಿತು. ಮುಂದಿನ ದಶಕದಲ್ಲಿ ಕ್ಲಬ್ ಕಾರ್ ಸಂಸ್ಥೆಯೂ ಅದೇ ನಗರಕ್ಕೆ ಬಂದು ನೆಲಸಿತು.

ಇಂದು ಈ ಗಾಡಿಯು ಮೈದಾನದ ಬೇಲಿಯನ್ನು ದಾಟಿ ಹೊರಬಂದಿದೆ. ಜಾರ್ಜಿಯಾದ ಪೀಚ್‌ಟ್ರೀ ನಗರದಲ್ಲಿ ಇಂತಹ ಗಾಡಿಗಳಿಗೆಂದೇ ನೂರೈವತ್ತು ಕಿಲೋಮೀಟರುಗಳಿಗೂ ಮಿಕ್ಕ ದಾರಿಗಳಿವೆ. ಜನರು ಅಂಗಡಿಗೂ ಶಾಲೆಗೂ ಅದರಲ್ಲಿಯೇ ಹೋಗಿಬರುತ್ತಾರೆ. ನಮ್ಮಲ್ಲಿಯೂ ಮೈಸೂರಿನ ಮೃಗಾಲಯದಲ್ಲಿ, ಬೆಂಗಳೂರಿನ ಲಾಲ್‌ಬಾಗಿನಲ್ಲಿ, ಇದೇ ಜಾತಿಯ ಬ್ಯಾಟರಿ ವಾಹನಗಳು ನಡೆಯಲಾರದವರನ್ನು ಹೊತ್ತು ತಿರುಗುತ್ತವೆ. ಹೀಗೆ, ಆಟದ ಸಾಧನವಾಗಿದ್ದುದು ಅನೇಕರಿಗೆ ಕಾಲುಗಳಿಗೆ ಬದಲಾಗಿ ದೊರೆತ ಸಾಧನವಾಗಿದೆ.

ಆದುದರಿಂದಲೇ ಗಾಡಿಯು ಮುದಿಯಾಗಿ, ಏರಿನಲ್ಲಿ ಮುಗ್ಗರಿಸಿ, ಅರ್ಧ ದಾರಿಯಲ್ಲಿ ನಿಂತುಬಿಟ್ಟಾಗ ಅದನ್ನು ಅವಲಂಬಿಸಿದವರಿಗೆ ಅದು ಸಣ್ಣ ಸಂಗತಿಯಲ್ಲ. ಆಗ ಸಲಹೆಗಳಿಗೆ ಬರವಿರುವುದಿಲ್ಲ. ಬ್ಯಾಟರಿಗಳನ್ನು ಬದಲಾಯಿಸಿ ಎಂದು ಒಬ್ಬರು, 36 ವೋಲ್ಟನ್ನು 48 ಮಾಡಿ ಎಂದು ಇನ್ನೊಬ್ಬರು, ದೊಡ್ಡ ಕಂಟ್ರೋಲರು ಹಾಕಿಸಿ ಎಂದು ಮತ್ತೊಬ್ಬರು, ಸೀಸವನ್ನು ಬಿಟ್ಟು ಲಿಥಿಯಂ ತೆಗೆದುಕೊಳ್ಳಿ ಎಂದು ಮಗದೊಬ್ಬರು ಹೇಳುತ್ತಾರೆ. ಇವುಗಳಲ್ಲಿ ಯಾವುದಕ್ಕೆ ಹಣ ಸುರಿದರೆ ಯಾವ ಫಲ ದೊರೆಯುತ್ತದೆ? ಯಾವುದರಿಂದ ಅಪಾಯವುಂಟು? ಪ್ರೌಢಶಾಲೆಯಲ್ಲಿ ಕಲಿತ ಭೌತವಿಜ್ಞಾನವೇ ಇದಕ್ಕೆ ಉತ್ತರ ಕೊಡಬಲ್ಲದು.

ಮೂರು ಬಯಕೆಗಳು, ಮೂರು ಅಳತೆಗಳು

ಗಾಡಿಯ ಒಡೆಯನು ಬಯಸುವುದು ಮೂರನ್ನು: ಏರನ್ನು ಹತ್ತುವ ಬಲ, ಸಮತಟ್ಟಿನಲ್ಲಿ ವೇಗ, ಒಮ್ಮೆ ತುಂಬಿದ ಬ್ಯಾಟರಿಯಿಂದ ಸಾಗುವ ದೂರ. ಈ ಮೂರೂ ಒಂದೇ ಎಂದು ಭಾವಿಸುವುದೇ ಎಲ್ಲ ಗೊಂದಲಗಳ ಮೂಲ. ಬಲವು ಮೋಟಾರಿನಲ್ಲಿ ಹರಿಯುವ ಪ್ರವಾಹವನ್ನು, ಅಂದರೆ ಆಂಪಿಯರುಗಳನ್ನು ಅವಲಂಬಿಸುತ್ತದೆ. ವೇಗವು ಮೋಟಾರಿಗೆ ದೊರೆಯುವ ವಿದ್ಯುದೊತ್ತಡವನ್ನು, ಅಂದರೆ ವೋಲ್ಟುಗಳನ್ನು ಅವಲಂಬಿಸುತ್ತದೆ. ದೂರವು ಬ್ಯಾಟರಿಯಲ್ಲಿ ಸಂಗ್ರಹವಾದ ಶಕ್ತಿಯನ್ನು, ಅಂದರೆ ವಾಟ್-ಗಂಟೆಗಳನ್ನು ಅವಲಂಬಿಸುತ್ತದೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಇಬ್ಬರು ಕುಳಿತ ಗಾಡಿಯ ಒಟ್ಟು ದ್ರವ್ಯರಾಶಿ 500 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಮೆತ್ತನೆಯ ಹುಲ್ಲುನೆಲದ ಮೇಲೆ ಚಕ್ರಗಳಿಗೆ ಎದುರಾಗುವ ತಡೆಯು ಗಾಡಿಯ ಭಾರದ ಇಪ್ಪತ್ತನೆಯ ಒಂದು ಪಾಲಾದರೆ ಅದು 245 ನ್ಯೂಟನ್ ಆಗುತ್ತದೆ. ಗಂಟೆಗೆ 20 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ 5.56 ಮೀಟರು. ಇವೆರಡರ ಗುಣಲಬ್ಧ ಸುಮಾರು 1,360 ವಾಟ್. ಮೋಟಾರು ಮತ್ತು ಹಲ್ಲುಚಕ್ರಗಳಲ್ಲಿ ನೂರಕ್ಕೆ ಮೂವತ್ತರಷ್ಟು ನಷ್ಟವಾದರೆ ಬ್ಯಾಟರಿಯು ಸುಮಾರು 1,950 ವಾಟ್ ಕೊಡಬೇಕು. 36 ವೋಲ್ಟಿನ ಬ್ಯಾಟರಿಯಿಂದ ಇದಕ್ಕೆ 54 ಆಂಪಿಯರು ಹರಿಯಬೇಕು.

ಈಗ ಹತ್ತಕ್ಕೆ ಒಂದರಂತೆ ಏರುವ ದಿಣ್ಣೆ ಎದುರಾಯಿತೆನ್ನಿ. ಭಾರದ ಹತ್ತನೆಯ ಒಂದು ಪಾಲು, ಅಂದರೆ 490 ನ್ಯೂಟನ್, ಹೆಚ್ಚಿನ ತಡೆಯಾಗಿ ಸೇರುತ್ತದೆ. ಒಟ್ಟು 735 ನ್ಯೂಟನ್. ಅದೇ 20 ಕಿಲೋಮೀಟರು ವೇಗವನ್ನು ಉಳಿಸಿಕೊಳ್ಳಬೇಕಾದರೆ ಬ್ಯಾಟರಿಯಿಂದ 162 ಆಂಪಿಯರು ಬೇಕು; ವೇಗವನ್ನು ಅರ್ಧಕ್ಕೆ ಇಳಿಸಿದರೆ 81 ಸಾಕು. ಸಾಧಾರಣವಾದ ಒಂದು ದಿಣ್ಣೆಯು ಬ್ಯಾಟರಿಯ ಮೇಲಿನ ಹೊರೆಯನ್ನು ಮೂರು ಪಟ್ಟು ಮಾಡಿತು. ಗಾಡಿಯ ದೋಷಗಳೆಲ್ಲವೂ ಸಮತಟ್ಟಿನಲ್ಲಿ ಅಡಗಿದ್ದು ಏರಿನಲ್ಲಿಯೇ ಹೊರಬೀಳುವುದು ಇದರಿಂದಲೇ.

ಮೋಟಾರಿನ ಸ್ವಭಾವ

ಹಳೆಯ ಗಾಡಿಗಳಲ್ಲಿ ಬಹುಮಟ್ಟಿಗೆ ಕಾಣುವುದು ಸರಣಿ ಮೋಟಾರು. ಇದರಲ್ಲಿ ತಿರುಗುವ ಆರ್ಮೇಚರು ಮತ್ತು ಅದರ ಸುತ್ತಲೂ ಅಯಸ್ಕಾಂತ ಕ್ಷೇತ್ರವನ್ನುಂಟುಮಾಡುವ ಸುರುಳಿ, ಇವೆರಡರ ಮೂಲಕವೂ ಒಂದೇ ಪ್ರವಾಹವು ಹರಿಯುತ್ತದೆ. ಪ್ರವಾಹವು ಇಮ್ಮಡಿಯಾದರೆ ಆರ್ಮೇಚರಿನ ಬಲವೂ ಇಮ್ಮಡಿ, ಕ್ಷೇತ್ರವೂ ಇಮ್ಮಡಿ. ಆದುದರಿಂದ ಅಚ್ಚನ್ನು ತಿರುಗಿಸುವ ಬಲವು ಸುಮಾರು ನಾಲ್ಮಡಿಯಾಗುತ್ತದೆ. ಕಬ್ಬಿಣವು ಅಯಸ್ಕಾಂತತೆಯಿಂದ ತುಂಬಿಹೋಗುವವರೆಗೂ ಈ ನಿಯಮವು ಸಲ್ಲುತ್ತದೆ. ನಿಂತ ಗಾಡಿಯನ್ನು ಎಳೆದೆಬ್ಬಿಸಲು ಇದಕ್ಕಿಂತ ಒಳ್ಳೆಯ ಮೋಟಾರು ದುರ್ಲಭ.

ತಿರುಗುತ್ತಿರುವ ಮೋಟಾರು ತಾನೂ ಒಂದು ಡೈನಮೋ ಎಂಬುದನ್ನು ಇಲ್ಲಿ ಮರೆಯಬಾರದು. ಅದು ತಿರುಗಿದಷ್ಟೂ ಬ್ಯಾಟರಿಗೆ ವಿರುದ್ಧವಾದ ಒತ್ತಡವನ್ನು ಹುಟ್ಟಿಸುತ್ತದೆ. ಈ ಪ್ರತಿ-ಒತ್ತಡವು ಬ್ಯಾಟರಿಯ ಒತ್ತಡದ ಸಮೀಪಕ್ಕೆ ಬಂದಾಗ ಪ್ರವಾಹವು ಇಳಿದು, ಬಲವು ತಡೆಗೆ ಸಮನಾಗಿ, ವೇಗವು ಸ್ಥಿರವಾಗುತ್ತದೆ. ವೋಲ್ಟು ಹೆಚ್ಚಾದರೆ ವೇಗ ಹೆಚ್ಚುವುದೇಕೆಂಬುದು ಇದರಿಂದ ತಿಳಿಯುತ್ತದೆ. ಸರಣಿ ಮೋಟಾರಿನ ಇನ್ನೊಂದು ಗುಣವನ್ನೂ ಎಚ್ಚರಿಕೆಯಿಂದ ನೆನಪಿಡಬೇಕು: ಹೊರೆಯಿಲ್ಲದಿದ್ದರೆ ಅದರ ಪ್ರವಾಹವೂ ಕ್ಷೇತ್ರವೂ ಕ್ಷೀಣಿಸಿ, ಪ್ರತಿ-ಒತ್ತಡವನ್ನು ಹುಟ್ಟಿಸಲು ಅದು ಎಲ್ಲೆಯಿಲ್ಲದ ವೇಗದಲ್ಲಿ ತಿರುಗತೊಡಗುತ್ತದೆ. ಗಾಡಿಯನ್ನು ಜಾಕಿನ ಮೇಲೆತ್ತಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ ಆರ್ಮೇಚರಿನ ತಂತಿಗಳು ಕಿತ್ತು ಚೆಲ್ಲಾಪಿಲ್ಲಿಯಾಗಬಹುದು.

ಸೀಸದ ಕೋಶಗಳು

1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆಯು ರಚಿಸಿದ ಸೀಸ-ಆಮ್ಲ ಕೋಶವು ಇಂದಿಗೂ ಈ ಗಾಡಿಗಳ ಹೊಟ್ಟೆಯಲ್ಲಿದೆ. ಋಣ ಫಲಕದಲ್ಲಿ ಸೀಸ, ಧನ ಫಲಕದಲ್ಲಿ ಸೀಸದ ಡೈಆಕ್ಸೈಡು, ನಡುವೆ ನೀರು ಬೆರೆಸಿದ ಗಂಧಕಾಮ್ಲ. ಶಕ್ತಿಯನ್ನು ಕೊಡುವಾಗ ಎರಡು ಫಲಕಗಳೂ ಸೀಸದ ಸಲ್ಫೇಟಾಗುತ್ತವೆ, ಆಮ್ಲವು ತೆಳುವಾಗುತ್ತದೆ. ತುಂಬುವಾಗ ಈ ಕ್ರಿಯೆಯು ಹಿಂದುಮುಂದಾಗುತ್ತದೆ. ಒಂದು ಕೋಶದ ಒತ್ತಡ ಸುಮಾರು 2 ವೋಲ್ಟು. ಮೂರು ಕೋಶಗಳ 6 ವೋಲ್ಟಿನ ಪೆಟ್ಟಿಗೆಗಳು ಆರು ಸೇರಿದರೆ 36 ವೋಲ್ಟು. ಒಂದೊಂದು ಪೆಟ್ಟಿಗೆಯೂ ಸುಮಾರು 28 ಕಿಲೋಗ್ರಾಂ ತೂಗುವುದರಿಂದ ಬ್ಯಾಟರಿಗಳ ತೂಕವೇ 168 ಕಿಲೋಗ್ರಾಂ.

ಇಂತಹ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ 225 ಆಂಪಿಯರ್-ಗಂಟೆ ಎಂದು ಬರೆದಿರುತ್ತದೆ. ಓದುಗರು ಇದನ್ನು ಅಕ್ಷರಶಃ ನಂಬಬಾರದು. ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ, 11 ಆಂಪಿಯರಿನಂತೆ ತೆಗೆದರೆ ಮಾತ್ರ ಅಷ್ಟು ದೊರೆಯುತ್ತದೆ. 75 ಆಂಪಿಯರಿನಂತೆ ಎಳೆದರೆ ಅದೇ ಪೆಟ್ಟಿಗೆಯು ಸುಮಾರು 115 ನಿಮಿಷಗಳಲ್ಲಿ ಬರಿದಾಗುತ್ತದೆ. ಅಂದರೆ ದೊರೆತದ್ದು 144 ಆಂಪಿಯರ್-ಗಂಟೆ ಮಾತ್ರ. ಆಮ್ಲವು ಫಲಕದ ರಂಧ್ರಗಳ ಒಳಕ್ಕೆ ಇಳಿಯುವಷ್ಟು ಬಿಡುವು ಸಿಗದಿರುವುದೇ ಇದಕ್ಕೆ ಮುಖ್ಯ ಕಾರಣ. ಈ ನಿಯಮವನ್ನು 1897ರಲ್ಲಿ ಜರ್ಮನಿಯ ಪ್ಯೂಕರ್ಟ್ ಎಂಬಾತನು ಗಣಿತದ ರೂಪದಲ್ಲಿ ನಿರೂಪಿಸಿದನು. ಅವಸರದಲ್ಲಿ ಎಳೆದವನಿಗೆ ಸೀಸವು ಕಡಿಮೆ ಅಳೆದುಕೊಡುತ್ತದೆ.

ಕೋಶಗಳು ಒಂದರ ಹಿಂದೊಂದು ಸರಣಿಯಲ್ಲಿರುವುದರಿಂದ ಇಡೀ ಸಾಲಿನ ಯೋಗ್ಯತೆಯು ಅದರಲ್ಲಿ ಅತ್ಯಂತ ದುರ್ಬಲವಾದ ಕೋಶದ ಯೋಗ್ಯತೆಯೇ. ಉಳಿದ ಹದಿನೇಳು ಕೋಶಗಳು ಗಟ್ಟಿಯಾಗಿದ್ದರೂ ಬರಿದಾದ ಒಂದರ ಮೂಲಕ ಅವು ಬಲವಂತವಾಗಿ ಪ್ರವಾಹವನ್ನು ನೂಕಿ ಅದರ ಧ್ರುವಗಳನ್ನೇ ತಿರುವುಮುರುವು ಮಾಡಿಬಿಡುತ್ತವೆ. ಆದುದರಿಂದ ಬ್ಯಾಟರಿ ಸತ್ತಿತು ಎಂದು ತೀರ್ಮಾನಿಸುವುದಕ್ಕೆ ಮುಂಚೆ ಒಂದೊಂದು ಕೋಶವನ್ನೂ ಹೈಡ್ರಾಮೀಟರಿನಿಂದ ಅಳೆಯಬೇಕು. ಪೂರ್ಣವಾಗಿ ತುಂಬಿದ ಕೋಶದಲ್ಲಿ ಆಮ್ಲದ ವಿಶಿಷ್ಟ ಗುರುತ್ವವು ಸುಮಾರು 1.27 ಇರಬೇಕು. ಎಲ್ಲ ಕೋಶಗಳೂ ಒಂದೇ ಸಮನಾಗಿ ತಗ್ಗಿದ್ದರೆ ತುಂಬುವ ಯಂತ್ರವನ್ನು ಶಂಕಿಸಬೇಕು. ಒಂದೆರಡು ಮಾತ್ರ ತಗ್ಗಿದ್ದರೆ ಆ ಪೆಟ್ಟಿಗೆಯನ್ನು ಶಂಕಿಸಬೇಕು. ಹಳೆಯ ಸಾಲಿಗೆ ಒಂದೇ ಹೊಸ ಪೆಟ್ಟಿಗೆಯನ್ನು ಸೇರಿಸುವುದು ಮುದಿ ಎತ್ತಿನ ಜೊತೆಗೆ ಎಳೆಯ ಹೋರಿಯನ್ನು ನೊಗಕ್ಕೆ ಕಟ್ಟಿದಂತೆ, ಎರಡಕ್ಕೂ ಸುಖವಿಲ್ಲ.

ನೀರು ಕಡಿಮೆಯಾಗಿದ್ದರೆ ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು. ಅದನ್ನೂ ಪೂರ್ತಿ ಚಾರ್ಜು ಮಾಡಿದ ಮೇಲೆ ಹಾಕಬೇಕು. ಫಲಕಗಳು ಬಯಲಾಗಿದ್ದರೆ ಮಾತ್ರ ಅವು ಮುಳುಗುವಷ್ಟನ್ನು ಮೊದಲೇ ಹಾಕಬಹುದು. ಚಾರ್ಜಿನ ಕೊನೆಯಲ್ಲಿ ಜಲಜನಕ ಹಾಗೂ ಆಮ್ಲಜನಕ ಅನಿಲಗಳು ಹೊರಡುತ್ತವೆ. ಗಾಳಿಯಲ್ಲಿ ಜಲಜನಕವು ನೂರಕ್ಕೆ ನಾಲ್ಕು ಪಾಲಾದರೆ ಕಿಡಿಯೊಂದೇ ಸಾಕು, ಆಸ್ಫೋಟನೆಯಾಗಲು. ಮುಚ್ಚಿದ ಕೊಠಡಿಯಲ್ಲಿ ಚಾರ್ಜು ಮಾಡುವುದು ಮಹಾ ಅಪಾಯಕರ.

ಅಲ್ಪ ವೆಚ್ಚದ ಸುಧಾರಣೆ

ಎಲ್ಲಕ್ಕಿಂತ ಕಡಿಮೆ ಹಣಕ್ಕೆ ದೊರೆಯುವ ಬಲವು ತಂತಿಗಳಲ್ಲಿಯೂ ಕೂಡುಗಳಲ್ಲಿಯೂ ಅಡಗಿದೆ. 13 ಚದರ ಮಿಲಿಮೀಟರು ದಪ್ಪದ ತಾಮ್ರದ ತಂತಿಯು ಒಟ್ಟು 4 ಮೀಟರು ಉದ್ದವಿದ್ದರೆ ಅದರ ರೋಧವು ಸುಮಾರು 5.3 ಮಿಲಿ ಓಮ್. ನೋಡುವುದಕ್ಕೆ ಇದು ಏನೂ ಅಲ್ಲ. ಆದರೆ 200 ಆಂಪಿಯರು ಹರಿದಾಗ ಅದರಲ್ಲಿ 1 ವೋಲ್ಟಿಗೂ ಹೆಚ್ಚು ಒತ್ತಡವೂ 200 ವಾಟಿಗೂ ಹೆಚ್ಚು ಶಕ್ತಿಯೂ ಕಾಣೆಯಾಗುತ್ತವೆ. 34 ಚದರ ಮಿಲಿಮೀಟರಿನ ತಂತಿಯನ್ನು ಹಾಕಿದರೆ ನಷ್ಟವು 80 ವಾಟಿಗೆ ಇಳಿಯುತ್ತದೆ.

ಕಿಲುಬು ಹಿಡಿದ ಕೂಡು ಇದಕ್ಕಿಂತಲೂ ಕೆಟ್ಟದ್ದು. ಅದರ ರೋಧವು 5 ಮಿಲಿ ಓಮ್ ಇದ್ದರೆ ಅಲ್ಲಿಯೂ 200 ವಾಟ್ ಉಷ್ಣವುಂಟಾಗುತ್ತದೆ. ಆದರೆ ಈ ಉಷ್ಣವು ನಾಲ್ಕು ಮೀಟರು ತಂತಿಯಲ್ಲಿ ಹರಡದೆ ಹೆಬ್ಬೆರಳಿನ ಗಾತ್ರದ ಸೀಸದ ಗೂಟವೊಂದರಲ್ಲಿ ಒಟ್ಟಾಗುತ್ತದೆ. ಗೂಟವು ಮೆತ್ತಗಾಗಿ ಕರಗುವುದು ಹೀಗೆಯೇ. ಗಾಡಿಯು ಏರನ್ನು ಹತ್ತಿ ಬಂದೊಡನೆ ಅದನ್ನು ನಿಲ್ಲಿಸಿ, ಯಾವ ಕೂಡು ಉಳಿದವುಗಳಿಗಿಂತ ಬಿಸಿಯಾಗಿದೆಯೆಂದು ದೂರದಿಂದಲೇ ತಾಪ ತಿಳಿಸುವ ಮಾಪಕದಿಂದ ಪರೀಕ್ಷಿಸಿದರೆ ದೋಷವು ತಾನಾಗಿಯೇ ಬಯಲಾಗುತ್ತದೆ. ಬಳಿಕ ಬ್ಯಾಟರಿಯ ಸಂಪರ್ಕವನ್ನು ಕಳಚಿ ಗೂಟಗಳನ್ನು ಉಜ್ಜಿ ಬಿಗಿಗೊಳಿಸಬೇಕು. ಕೈಯ ಉಂಗುರ, ಗಡಿಯಾರಗಳನ್ನು ತೆಗೆದಿಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಕೆಲಸಕ್ಕೆ ತೊಡಗುವುದು ಕ್ಷೇಮ.

ಕಂಟ್ರೋಲರು: ಕುಂಬಾರನ ಚಕ್ರದ ಪಾಠ

ಮೊದಲ ಕಾಲದ ಗಾಡಿಗಳಲ್ಲಿ ವೇಗವನ್ನು ತಗ್ಗಿಸಲು ಮೋಟಾರಿನ ದಾರಿಯಲ್ಲಿ ರೋಧದ ಸುರುಳಿಗಳನ್ನು ಸೇರಿಸುತ್ತಿದ್ದರು. 60 ಆಂಪಿಯರು ಹರಿಯುವಾಗ ಸುರುಳಿಯಲ್ಲಿ 18 ವೋಲ್ಟನ್ನು ಉಣ್ಣಿಸಿದರೆ 1,080 ವಾಟ್ ವ್ಯರ್ಥವಾಗಿ ಕಾಯುತ್ತದೆ. ಮೆಲ್ಲಗೆ ಹೋಗುವುದಕ್ಕಾಗಿ ಒಂದು ವಿದ್ಯುತ್ ಒಲೆಯನ್ನು ಸದಾ ಉರಿಸಿಕೊಂಡು ಹೋದಂತೆ ಆಯಿತು. ಇಂತಹ ಗಾಡಿಗೆ ಆಧುನಿಕ ಕಂಟ್ರೋಲರನ್ನು ಹಾಕುವುದು ನಿಸ್ಸಂದೇಹವಾಗಿ ಲಾಭಕರ.

ಆಧುನಿಕ ಕಂಟ್ರೋಲರು ಮಾಡುವುದೇನು? ಕುಂಬಾರನು ತನ್ನ ಚಕ್ರವನ್ನು ಎಡೆಬಿಡದೆ ತಿರುಗಿಸುತ್ತ ಕೂಡುವುದಿಲ್ಲ. ಕೋಲಿನಿಂದ ಆಗಾಗ ತಳ್ಳುತ್ತಾನೆ. ತಳ್ಳುಗಳ ನಡುವೆ ಚಕ್ರವು ತನ್ನ ಜಡತ್ವದಿಂದ ತಾನೇ ತಿರುಗುತ್ತಿರುತ್ತದೆ. ಕಂಟ್ರೋಲರಿನೊಳಗಿನ ಟ್ರಾನ್ಸಿಸ್ಟರುಗಳು ಬ್ಯಾಟರಿಯನ್ನು ಮೋಟಾರಿಗೆ ಸೆಕೆಂಡಿಗೆ ಹತ್ತು ಹದಿನೈದು ಸಾವಿರ ಸಲ ಜೋಡಿಸಿ ಬಿಡಿಸುತ್ತವೆ. ಜೋಡಿಸಿದ ಕಾಲವು ಹೆಚ್ಚಾದರೆ ಮೋಟಾರಿಗೆ ಸರಾಸರಿ ಹೆಚ್ಚಿನ ಒತ್ತಡ, ಕಡಿಮೆಯಾದರೆ ಕಡಿಮೆ ಒತ್ತಡ. ಬಿಡಿಸಿದ ಗಳಿಗೆಯಲ್ಲಿ ಮೋಟಾರಿನ ಸುರುಳಿಯ ಪ್ರೇರಕತ್ವವು, ಚಕ್ರದ ಜಡತ್ವದಂತೆ, ಪ್ರವಾಹವನ್ನು ನಿಲ್ಲಗೊಡದೆ ಡಯೋಡೊಂದರ ಮೂಲಕ ಸುತ್ತಿಸುತ್ತಿರುತ್ತದೆ.

ಇದರಿಂದ ಒಂದು ವಿಸ್ಮಯಕರವಾದ ಫಲವುಂಟು. ಕಾಲದ ನಾಲ್ಕನೆಯ ಒಂದು ಪಾಲು ಮಾತ್ರ ಜೋಡಣೆಯಿದ್ದರೆ ಮೋಟಾರಿಗೆ ಸರಾಸರಿ 9 ವೋಲ್ಟು ದೊರೆಯುತ್ತದೆ. ಆಗ ಮೋಟಾರಿನಲ್ಲಿ 200 ಆಂಪಿಯರು ಹರಿಯುತ್ತಿದ್ದರೂ ಬ್ಯಾಟರಿಯಿಂದ ಹೊರಡುವುದು ಸರಾಸರಿ 50 ಆಂಪಿಯರು ಮಾತ್ರ. 36 ವೋಲ್ಟು ಗುಣಿಸು 50, 9 ವೋಲ್ಟು ಗುಣಿಸು 200, ಎರಡೂ 1,800 ವಾಟ್. ಸಣ್ಣ ನಷ್ಟಗಳನ್ನು ಬಿಟ್ಟರೆ ಶಕ್ತಿಯ ಲೆಕ್ಕವು ಸರಿಹೋಗುತ್ತದೆ. ಪರ್ಯಾಯ ಪ್ರವಾಹಕ್ಕೆ ಟ್ರಾನ್ಸ್‌ಫಾರ್ಮರು ಮಾಡುವ ಕೆಲಸವನ್ನು ಏಕಮುಖ ಪ್ರವಾಹಕ್ಕೆ ಕಂಟ್ರೋಲರು ಮಾಡುತ್ತದೆ. 400 ಆಂಪಿಯರಿನ ಕಂಟ್ರೋಲರು ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಮೋಟಾರಿಗೆ ಅಲ್ಪಕಾಲ ಕೊಡಬಲ್ಲ ಪ್ರವಾಹವೇ ಹೊರತು ಬ್ಯಾಟರಿಯಿಂದ ಸದಾ ಎಳೆಯುವ ಪ್ರವಾಹವಲ್ಲ.

ದೊಡ್ಡ ಕಂಟ್ರೋಲರು ಏರಿನಲ್ಲಿ ಬಲವನ್ನು ಹೆಚ್ಚಿಸುತ್ತದೆ. ಸಮತಟ್ಟಿನ ವೇಗವನ್ನು ಹೆಚ್ಚಿಸುವುದಿಲ್ಲ. ಪೂರ್ತಿ ಜೋಡಣೆಯಾದ ಮೇಲೆ ಅದು ಬರಿಯ ತಂತಿಯಂತೆ. ಬ್ಯಾಟರಿಯಲ್ಲಿರುವುದಕ್ಕಿಂತ ಹೆಚ್ಚಿನ ವೋಲ್ಟನ್ನು ಅದು ಎಲ್ಲಿಂದಲೂ ತರಲಾರದು. ಬ್ಯಾಟರಿ ಸಾಲಿನ ಆಂತರಿಕ ರೋಧವು 20 ಮಿಲಿ ಓಮ್ ಇದ್ದಲ್ಲಿ 200 ಆಂಪಿಯರು ಎಳೆದಾಗ 4 ವೋಲ್ಟು ಒಳಗೇ ಕರಗಿಹೋಗುತ್ತದೆ. ಮುದಿ ಬ್ಯಾಟರಿಗೆ ದೊಡ್ಡ ಕಂಟ್ರೋಲರನ್ನು ಜೋಡಿಸಿದರೆ ಅದರ ಸಾವು ಬೇಗನೆ ಬರುತ್ತದೆ, ಅಷ್ಟೆ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಮಾತು ಆಂಪಿಯರುಗಳಿಗೂ ಸಲ್ಲುತ್ತದೆ.

36ರಿಂದ 48ಕ್ಕೆ

ವೇಗವೇ ಬೇಕೆಂಬವರು 48 ವೋಲ್ಟಿಗೆ ಏರುತ್ತಾರೆ. ಮೂರಕ್ಕೆ ನಾಲ್ಕರಂತೆ ಒತ್ತಡವು ಹೆಚ್ಚಿದರೆ ವೇಗವೂ ಬಹುಮಟ್ಟಿಗೆ ಅದೇ ಪ್ರಮಾಣದಲ್ಲಿ, 20ರಿಂದ 26 ಅಥವಾ 27 ಕಿಲೋಮೀಟರಿಗೆ ಏರುತ್ತದೆ. ಕಂಟ್ರೋಲರಿನ ಪ್ರವಾಹದ ಮಿತಿಯನ್ನು ಬದಲಾಯಿಸದಿದ್ದರೆ ನಿಂತಲ್ಲಿಂದ ಹೊರಡುವ ಬಲವೇನೂ ಹೆಚ್ಚುವುದಿಲ್ಲ. ಆದರೆ ಆ ಬಲವನ್ನು ಗಾಡಿಯು ಹೆಚ್ಚಿನ ವೇಗದವರೆಗೂ ಉಳಿಸಿಕೊಳ್ಳಬಲ್ಲದು.

ಈ ಬದಲಾವಣೆಯು ಬ್ಯಾಟರಿಯಲ್ಲಿಯೇ ಮುಗಿಯುವುದಿಲ್ಲ. 36 ವೋಲ್ಟಿಗೆಂದು ಮಾಡಿದ ಕಂಟ್ರೋಲರು, ಸೊಲೆನಾಯ್ಡಿನ ಸುರುಳಿ, ಚಾರ್ಜರು, ದೀಪಗಳ ಒತ್ತಡವನ್ನು ತಗ್ಗಿಸುವ ಪೆಟ್ಟಿಗೆ ಇವೆಲ್ಲವೂ 48ಕ್ಕೆ ಒಗ್ಗುತ್ತವೆಯೇ ಎಂದು ನೋಡಬೇಕು. ಎಂಟು 6 ವೋಲ್ಟಿನ ಪೆಟ್ಟಿಗೆಗಳನ್ನು ಹಾಕಿದರೆ 56 ಕಿಲೋಗ್ರಾಂ ಭಾರವು ಹೆಚ್ಚುತ್ತದೆ. ಆರು 8 ವೋಲ್ಟಿನವುಗಳನ್ನು ಹಾಕಿದರೆ ಜಾಗವು ಸಾಕಾಗುತ್ತದೆ, ಆದರೆ ಒಂದೊಂದರ ಆಂಪಿಯರ್-ಗಂಟೆಯು ಕಡಿಮೆ. ಮೋಟಾರಿನಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕನುಗುಣವಾಗಿ ಏರುವುದೆಂಬುದೂ, ಹೆಚ್ಚಿನ ವೇಗದಲ್ಲಿ ಕಾರ್ಬನ್ ಬ್ರಷ್ಷುಗಳು ಬೇಗನೆ ಸವೆಯುವುವೆಂಬುದೂ ನೆನಪಿನಲ್ಲಿರಲಿ.

ಲಿಥಿಯಂ ಬಂದ ಮೇಲೆ

1997ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಪಾಧಿ, ನಂಜುಂಡಸ್ವಾಮಿ ಮತ್ತು ಜಾನ್ ಗುಡೆನಫ್ ಅವರು ಲಿಥಿಯಂ ಕಬ್ಬಿಣದ ಫಾಸ್ಫೇಟನ್ನು ಬ್ಯಾಟರಿಯ ಧನ ಫಲಕವಾಗಿ ಬಳಸಬಹುದೆಂದು ಪ್ರಕಟಿಸಿದರು. ಗುಡೆನಫ್ ಅವರಿಗೆ ಲಿಥಿಯಂ ಬ್ಯಾಟರಿಗಳ ವಿಷಯದ ಕಾರ್ಯಕ್ಕಾಗಿ 2019ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಗಾಲ್ಫ್ ಗಾಡಿಗಳಿಗೆ ಇಂದು ಹೆಚ್ಚಾಗಿ ಬರುತ್ತಿರುವುದು ಈ ಜಾತಿಯ ಕೋಶಗಳೇ. ಒಂದು ಕೋಶಕ್ಕೆ 3.2 ವೋಲ್ಟಿನಂತೆ ಹದಿನಾರು ಸೇರಿದರೆ 51.2 ವೋಲ್ಟು.

105 ಆಂಪಿಯರ್-ಗಂಟೆಯ ಇಂತಹ ಪೆಟ್ಟಿಗೆಯಲ್ಲಿ 5,400 ವಾಟ್-ಗಂಟೆಗಳಷ್ಟು ಶಕ್ತಿಯಿದೆ. ಸೀಸದ ಸಾಲಿನಲ್ಲಿ ಕಾಗದದ ಮೇಲೆ 8,100 ಇದ್ದಿತಲ್ಲವೆ? ಹಾಗಾದರೆ ಇದು ನಷ್ಟವೆಂದು ತೋರಬಹುದು. ಆದರೆ 75 ಆಂಪಿಯರಿನಂತೆ ಎಳೆದಾಗ ಸೀಸವು ಕೊಟ್ಟದ್ದು 144 ಆಂಪಿಯರ್-ಗಂಟೆ, ಅಂದರೆ ಸುಮಾರು 5,000 ವಾಟ್-ಗಂಟೆ ಮಾತ್ರ. ಅದನ್ನೂ ಪೂರ್ತಿ ಬರಿದು ಮಾಡಿದರೆ ಸೀಸದ ಆಯುಸ್ಸು ಕುಗ್ಗುತ್ತದೆ. ಲಿಥಿಯಂ ಕೋಶವು ಅವಸರದ ಸೆಳೆತಕ್ಕೂ ಹೆಚ್ಚು ಕಡಿಮೆ ಅಷ್ಟನ್ನೇ ಅಳೆದುಕೊಡುತ್ತದೆ. ಇದರ ತೂಕ ಸುಮಾರು 45 ಕಿಲೋಗ್ರಾಂ. ಗಾಡಿಯು 120 ಕಿಲೋಗ್ರಾಮಿನಷ್ಟು ಹಗುರವಾಗಿ, ಎಳೆಯಬೇಕಾದ ಭಾರದಲ್ಲಿ ನಾಲ್ಕನೆಯ ಒಂದು ಪಾಲು ಇಳಿಯಿತು. ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ರೇವಾ ಕಾರು ಇದೇ ಹಾದಿಯನ್ನು ಹಿಡಿದುದುಂಟು: 2001ರಲ್ಲಿ 48 ವೋಲ್ಟಿನ ಸೀಸದ ಬ್ಯಾಟರಿಗಳೊಡನೆ ಮಾರಾಟಕ್ಕೆ ಬಂದ ಆ ಕಾರಿಗೆ 2009ರಲ್ಲಿ ಲಿಥಿಯಂ ಬ್ಯಾಟರಿಯ ಮಾದರಿಯೂ ಸೇರಿತು.

ಆದರೆ ಲಿಥಿಯಂಗೆ ತನ್ನದೇ ಆದ ಕಟ್ಟಳೆಗಳುಂಟು. ಅದರ ಒತ್ತಡವು ತುಂಬಿದಾಗಲೂ ಮುಕ್ಕಾಲು ಬರಿದಾದಾಗಲೂ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ವೋಲ್ಟನ್ನು ಅಳೆಯುವ ಹಳೆಯ ಮಾಪಕವು ಮೋಸಗೊಳಿಸುತ್ತದೆ. ಒಳಹೋದ ಮತ್ತು ಹೊರಬಂದ ಆಂಪಿಯರುಗಳನ್ನು ಎಣಿಸುವ ಮಾಪಕವೇ ಬೇಕು. ಸೊನ್ನೆ ಡಿಗ್ರಿ ಸೆಂಟಿಗ್ರೇಡಿಗಿಂತ ತಣ್ಣಗಿರುವಾಗ ಅದನ್ನು ಚಾರ್ಜು ಮಾಡಬಾರದು. ಮಾಡಿದರೆ ಲೋಹದ ಲಿಥಿಯಂ ಫಲಕದ ಮೇಲೆ ಮೆತ್ತಿಕೊಂಡು ಕೋಶವು ಕೆಡುತ್ತದೆ. ಚಾರ್ಜರಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 16 ಲಿಥಿಯಂ ಕೋಶಗಳನ್ನು ತುಂಬುವ ಮಿತಿಯು 58.4 ವೋಲ್ಟು, 24 ಸೀಸದ ಕೋಶಗಳ ಸಾಮಾನ್ಯ ಚಾರ್ಜಿನ ಕೊನೆಯೂ ಅದರ ಸಮೀಪದಲ್ಲಿಯೇ ಇದೆ. ಹತ್ತಿರವಿದೆಯಲ್ಲ ಎಂದು ಹಳೆಯ ಚಾರ್ಜರನ್ನೇ ಇಟ್ಟುಕೊಂಡರೆ, ಸೀಸದ ಕೋಶಗಳನ್ನು ಸರಿತೂಗಿಸಲು ಅದು ಒಮ್ಮೊಮ್ಮೆ 62 ವೋಲ್ಟಿನವರೆಗೂ ಏರುವುದು ಲಿಥಿಯಂಗೆ ವಿಷಪ್ರಾಯವಾಗುತ್ತದೆ. ಕೋಶಗಳನ್ನು ಕಾಯುವ ರಕ್ಷಣಾ ಮಂಡಲವು ಆಗ ಸಂಪರ್ಕವನ್ನು ಕಡಿಯುವುದು ನಿಜ. ಆದರೆ ಕಾವಲುಗಾರನಿದ್ದಾನೆಂದು ಬಾಗಿಲನ್ನು ತೆರೆದಿಡಬಾರದು.

ಹದಗೊಳಿಸುವುದು

ಈಗಿನ ಕಂಟ್ರೋಲರುಗಳಲ್ಲಿ ಹಲವು ಅಂಶಗಳನ್ನು ಬೇಕಾದಂತೆ ಗೊತ್ತುಮಾಡಬಹುದು. ಅವುಗಳಲ್ಲಿ ನಾಲ್ಕು ಮುಖ್ಯ. ಮೊದಲನೆಯದು, ಪ್ರವಾಹದ ಮಿತಿ: ಮೋಟಾರು, ತಂತಿ, ಬ್ಯಾಟರಿಯ ರಕ್ಷಣಾ ಮಂಡಲ ಇವುಗಳಲ್ಲಿ ಅತಿ ದುರ್ಬಲವಾದುದಕ್ಕೆ ತಕ್ಕಂತೆ ಇದನ್ನು ಇಡಬೇಕು. ಎರಡನೆಯದು, ವೇಗವೇರುವ ಕಾಲ: ಕಾಲಿಟ್ಟೊಡನೆ ಜಿಗಿಯುವ ಗಾಡಿಯು ಯುವಕರಿಗೆ ಮೋಜಾಗಬಹುದು, ಆದರೆ ಹಿಂದಿನ ಆಸನದ ವೃದ್ಧರನ್ನು ಕೆಳಕ್ಕೆ ಉರುಳಿಸುತ್ತದೆ, ಒಂದೆರಡು ಸೆಕೆಂಡು ನಿಧಾನಿಸುವುದರಿಂದ ಹಲ್ಲುಚಕ್ರಗಳಿಗೂ ಹಿತ. ಮೂರನೆಯದು, ಒತ್ತಡದ ಕೆಳಮಿತಿ: ಲಿಥಿಯಂ ಪೆಟ್ಟಿಗೆಯ ರಕ್ಷಣಾ ಮಂಡಲವು ಥಟ್ಟನೆ ಎಲ್ಲವನ್ನೂ ಕಡಿಯುವುದಕ್ಕಿಂತ ಮೇಲಿನ ವೋಲ್ಟಿನಲ್ಲಿಯೇ ಕಂಟ್ರೋಲರು ಬಲವನ್ನು ಮೆಲ್ಲಮೆಲ್ಲನೆ ತಗ್ಗಿಸುವಂತೆ ಇದನ್ನು ಗೊತ್ತುಮಾಡಬೇಕು. ರಸ್ತೆಯನ್ನು ದಾಟುವಾಗ ಮುನ್ಸೂಚನೆಯಿಲ್ಲದೆ ಗಾಡಿಯು ನಿಂತರೆ ಆಗುವ ಅನಾಹುತವನ್ನು ಊಹಿಸಬಹುದು.

ನಾಲ್ಕನೆಯದು, ಶಕ್ತಿಯನ್ನು ಮರಳಿ ಗಳಿಸುವ ಬ್ರೇಕು. ಕ್ಷೇತ್ರದ ಸುರುಳಿಗೆ ಪ್ರತ್ಯೇಕವಾಗಿ ಪ್ರವಾಹವನ್ನು ಕೊಡುವ ಮೋಟಾರುಗಳಲ್ಲಿ ಇಳಿಜಾರಿನಲ್ಲಿ ಮೋಟಾರು ಡೈನಮೋ ಆಗಿ ಬ್ಯಾಟರಿಯನ್ನು ತುಂಬುತ್ತದೆ. ಇದರಿಂದ ಬಹಳ ದೂರ ದೊರೆಯುವುದೆಂದು ಆಸೆಪಡಬೇಕಾಗಿಲ್ಲ. 500 ಕಿಲೋಗ್ರಾಮಿನ ಗಾಡಿಯು 20 ಮೀಟರು ಎತ್ತರದಿಂದ ಇಳಿದಾಗ ಬಿಡುಗಡೆಯಾಗುವ ಶಕ್ತಿಯೆಲ್ಲವೂ ಸೇರಿ 27 ವಾಟ್-ಗಂಟೆ ಮಾತ್ರ. ಅದರ ನಿಜವಾದ ಬೆಲೆಯು ಇಳಿಜಾರಿನಲ್ಲಿ ವೇಗವನ್ನು ಹಿಡಿದಿಡುವುದರಲ್ಲಿದೆ. ಆದುದರಿಂದಲೇ ಒಂದು ಅಪಾಯವನ್ನು ಗಮನಿಸಬೇಕು: ಗುಡ್ಡದ ಮೇಲಿನ ಮನೆಯಲ್ಲಿ ರಾತ್ರಿಯೆಲ್ಲ ಲಿಥಿಯಂ ಬ್ಯಾಟರಿಯನ್ನು ತುಂಬಿ ಬೆಳಗ್ಗೆ ಇಳಿಯತೊಡಗಿದರೆ, ಇನ್ನು ಹಿಡಿಸಲಾರದೆಂದು ರಕ್ಷಣಾ ಮಂಡಲವು ಸಂಪರ್ಕವನ್ನು ಕಡಿಯಬಹುದು, ಬ್ರೇಕಿನಂತೆ ಹಿಡಿದಿದ್ದ ಮೋಟಾರು ನಡುದಾರಿಯಲ್ಲಿ ಕೈಬಿಡುತ್ತದೆ. ಅಂತಹ ಸ್ಥಳದಲ್ಲಿ ಬ್ಯಾಟರಿಯನ್ನು ಪೂರ್ತಿ ತುಂಬದೆ ಸ್ವಲ್ಪ ಜಾಗವುಳಿಸುವುದೇ ಜಾಣತನ.

ಜೋಡಣೆಯಲ್ಲಿ ಮತ್ತೊಂದು ಸೂಕ್ಷ್ಮವಿದೆ. ಕಂಟ್ರೋಲರಿನ ಒಳಗೆ ದೊಡ್ಡ ಕಂಡೆನ್ಸರುಗಳಿರುತ್ತವೆ. ಅವು ಬರಿದಾಗಿರುವಾಗ ಸೊಲೆನಾಯ್ಡು ಮುಚ್ಚಿದರೆ ಕ್ಷಣಮಾತ್ರ ಅಪಾರವಾದ ಪ್ರವಾಹವು ನುಗ್ಗಿ ಕಿಡಿ ಹಾರಿ, ಅದರ ತಾಮ್ರದ ತುದಿಗಳು ಬೆಸೆದುಕೊಳ್ಳಬಹುದು. ಬೆಸೆದ ಸೊಲೆನಾಯ್ಡು ಬೀಗದ ಕೈಯನ್ನು ತೆಗೆದರೂ ವಿದ್ಯುತ್ತನ್ನು ಕಡಿಯದು. ಇದನ್ನು ತಡೆಯಲು ಸೊಲೆನಾಯ್ಡಿನ ಎರಡು ದೊಡ್ಡ ಗೂಟಗಳ ನಡುವೆ ಒಂದು ರೋಧಕವನ್ನು ಇಟ್ಟು ಕಂಡೆನ್ಸರುಗಳು ಮೊದಲೇ ಮೆಲ್ಲಗೆ ತುಂಬುವಂತೆ ಮಾಡುತ್ತಾರೆ. ಕೆಲವು ರೂಪಾಯಿಗಳ ಈ ವಸ್ತುವನ್ನು ಅನಾವಶ್ಯಕವೆಂದು ಬಿಟ್ಟುಬಿಡಬಾರದು.

ನಿಲ್ಲುವ ಶಕ್ತಿ

ಕೊನೆಯದಾಗಿ, ಎಲ್ಲರೂ ಮರೆಯುವ ಅಂಗದ ವಿಚಾರ. ಚಲಿಸುವ ಗಾಡಿಯ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾದುದು. ವೇಗವು ಮೂರರಿಂದ ನಾಲ್ಕಾದರೆ ಶಕ್ತಿಯು ಒಂಬತ್ತರಿಂದ ಹದಿನಾರಾಗುತ್ತದೆ. ಈ ಶಕ್ತಿಯನ್ನೆಲ್ಲ ಬ್ರೇಕುಗಳು ಉಷ್ಣವಾಗಿ ನುಂಗಬೇಕು. ಆದರೆ ಅನೇಕ ಗಾಲ್ಫ್ ಗಾಡಿಗಳಲ್ಲಿ ಬ್ರೇಕುಗಳಿರುವುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಒಳ್ಳೆಯ ಬ್ರೇಕು ಸೆಕೆಂಡಿಗೆ 3 ಮೀಟರಿನಂತೆ ವೇಗವನ್ನು ತಗ್ಗಿಸುತ್ತದೆಂದು ಇಟ್ಟುಕೊಂಡರೆ, 20 ಕಿಲೋಮೀಟರು ವೇಗದ ಗಾಡಿಯು 5 ಮೀಟರಿನಲ್ಲಿ ನಿಲ್ಲುತ್ತದೆ. ಸುಮಾರು 27 ಕಿಲೋಮೀಟರಿನದು 9 ಮೀಟರು ಓಡುತ್ತದೆ. ಚಾಲಕನು ಎಚ್ಚೆತ್ತು ಕಾಲಿಡಲು ಬೇಕಾದ ಒಂದು ಸೆಕೆಂಡನ್ನೂ ಸೇರಿಸಿದರೆ 11 ಮೀಟರು 17 ಆಗುತ್ತದೆ. ಮಗುವೊಂದು ದಾರಿಗೆ ಅಡ್ಡಬಂದಾಗ ಈ ಆರು ಮೀಟರುಗಳ ಅರ್ಥವೇನೆಂಬುದನ್ನು ವಿವರಿಸಬೇಕಾಗಿಲ್ಲ.

ಕಾನೂನು ಸಹ ಈ ಭೇದವನ್ನು ಗುರುತಿಸುತ್ತದೆ. ಅಮೆರಿಕದಲ್ಲಿ 1998ರಿಂದೀಚೆಗೆ ಗಂಟೆಗೆ 20 ಮೈಲಿಗಿಂತ ಹೆಚ್ಚು, 25 ಮೈಲಿಗೆ ಮೀರದಂತೆ ಓಡಬಲ್ಲ ಇಂತಹ ವಾಹನವನ್ನು ಆಟದ ಗಾಡಿಯೆಂದು ಎಣಿಸದೆ, ಅಲ್ಪವೇಗದ ಮೋಟಾರು ವಾಹನಗಳೆಂಬ ಬೇರೊಂದು ವರ್ಗಕ್ಕೆ ಸೇರಿಸಿ, ದೀಪ, ಕನ್ನಡಿ, ಸೀಟ್ ಬೆಲ್ಟ್ ಮುಂತಾದವುಗಳನ್ನು ಕಡ್ಡಾಯ ಮಾಡಿದ್ದಾರೆ. ಕೆಲವು ತಂತಿಗಳನ್ನೂ ಸಂಖ್ಯೆಗಳನ್ನೂ ಬದಲಾಯಿಸಿ ಒಡೆಯನು ತನಗರಿವಿಲ್ಲದೆಯೇ ಒಂದು ವರ್ಗದಿಂದ ಇನ್ನೊಂದಕ್ಕೆ ದಾಟಿಬಿಡಬಹುದು.

ಹೀಗೆ ನೋಡಿದರೆ ಕೆಲಸದ ಕ್ರಮವು ತಾನಾಗಿಯೇ ಗೊತ್ತಾಗುತ್ತದೆ. ಮೊದಲು ಅಳತೆ, ಆಮೇಲೆ ಕೂಡು ಮತ್ತು ತಂತಿಗಳ ಶುದ್ಧಿ, ಆ ಬಳಿಕ ಬ್ರೇಕು, ಅನಂತರ ಬ್ಯಾಟರಿ, ಎಲ್ಲದರ ಕೊನೆಗೆ ಕಂಟ್ರೋಲರು. ಅಂಗಡಿಯವರು ಹೇಳುವ ಕ್ರಮವು ಬಹುಶಃ ಇದಕ್ಕೆ ತಲೆಕೆಳಗಾಗಿರುತ್ತದೆ. ಏರಿಗೆ ಬಲ ಬೇಕೆ, ಸಮತಟ್ಟಿಗೆ ವೇಗ ಬೇಕೆ, ದಿನದ ಕೊನೆಗೆ ಮನೆ ಸೇರುವಷ್ಟು ದೂರ ಬೇಕೆ ಎಂಬುದನ್ನು ಒಡೆಯನು ಮೊದಲು ತನ್ನಲ್ಲಿಯೇ ಕೇಳಿಕೊಳ್ಳಬೇಕು. ಪ್ರಶ್ನೆಯು ಸ್ಪಷ್ಟವಾದರೆ ಓಮನ ನಿಯಮವು ಉಳಿದುದನ್ನು ಹೇಳುತ್ತದೆ. ಅದಕ್ಕೆ ಅದು ಕಾಸನ್ನೂ ಕೇಳುವುದಿಲ್ಲ.